ಅತ್ತಿಗೆಯ ಕೈಬರಹ

ಫೆಬ್ರವರಿ ೧೧

ಅಮ್ಮನಿಗೆ,

ಇದನ್ನು ಅತ್ತಿಗೆಯೇ ಓದಿ ಹೇಳುತ್ತಿರುತ್ತಾಳೆ. ಅತ್ತಿಗೆ, ಬೇಸರವಾದ ಕಡೆ ಹಾರಿಸಬೇಡ. ಆದರೆ ಇದರ ಜೊತೆಗಿರುವ ಅಚ್ಚಿನ ಹಾಳೆಗಳನ್ನು ಮಾತ್ರ ಅಮ್ಮನ ಕೈಗೇ ಕೊಡು. ಕೈಬರಹ ಅವಳಿಗೆ ಓದಲು ಬರದಿದ್ದರೂ ಅಚ್ಚಿನಕ್ಷರ ಬರುತ್ತದೆ. ಕಾರ್ಖಾನೆಯಲ್ಲಿ ಅಂಗಿಯ ಅಳತೆಗೆ ಕತ್ತರಿಸುತ್ತಿದ್ದ ಹಳೇ ಪೇಪರುಗಳಿಂದ ಅವಳು ಅಕ್ಷರ ಕಲಿತ ಕಥೆಯನ್ನು ನಾನು ಇಲ್ಲಿ ಎಲ್ಲರಿಗೂ ಹೇಳಿದ್ದೇನೆ.

ಅಮ್ಮ, ನಾನು ಕೆಲಸ ಮಾಡುವುದು ಗ್ರಂಥಾಲಯದ ಹಳೇ ಪುಸ್ತಕಗಳ ಕೋಣೆಯಲ್ಲಿ. ಕಿಟಕಿ ತೆರೆಯುವ ಹಾಗಿಲ್ಲ, ಜೋರಾಗಿ ಸೀನುವ ಹಾಗಿಲ್ಲ. ಹೋದ ವರ್ಷ ಪಟ್ಟಿ ಮಾಡುತ್ತಿದ್ದಾಗ ಅಂಗೈಯಗಲದ ಒಂದು ಪುಸ್ತಕ ಸಿಕ್ಕಿತು. ಮುನ್ನೂರೈವತ್ತು ವರ್ಷ ಹಳೆಯದು. ಬರೆದವಳ ಹೆಸರಿಲ್ಲ. 'ಬಟ್ಟೆಗೆ ಬಣ್ಣ ಹಾಕುವವನೊಬ್ಬನ ವಿಧವೆ' ಎಂದಷ್ಟೇ ಇದೆ. ನಾನು ಅವಳನ್ನು ಬಣ್ಣಗಾರ್ತಿ ಎಂದು ಕರೆಯುತ್ತೇನೆ. ಹನ್ನೊಂದು ಪ್ರಬಂಧಗಳು. ಮದುವೆಯ ಬಗ್ಗೆ, ಓದಿನ ಬಗ್ಗೆ, ಗಂಡಸರು ಮಾತಾಡುವಾಗ ಹೆಂಗಸರು ಎಲ್ಲಿ ನೋಡಬೇಕು ಎಂಬುದರ ಬಗ್ಗೆ. ಅವನ್ನು ಈಗಿನ ಮಾತಿಗೆ ತಂದು ಅಚ್ಚು ಹಾಕಿಸುತ್ತಿದ್ದೇನೆ. ಮೊದಲ ಪ್ರಬಂಧದಲ್ಲಿ ಅವಳು ಹೀಗೆ ಬರೆಯುತ್ತಾಳೆ: "ಹೆಣ್ಣುಮಕ್ಕಳಿಗೆ ಓದಲು ಕಲಿಸುತ್ತಾರೆ, ಬರೆಯಲು ಕಲಿಸುವುದಿಲ್ಲ. ಓದಲು ಬಂದರೆ ಅವಳು ನಮ್ಮ ಮಾತು ಕೇಳುತ್ತಾಳೆ. ಬರೆಯಲು ಬಂದರೆ ಅವಳ ಮಾತನ್ನು ನಾವು ಕೇಳಬೇಕಾಗುತ್ತದೆ."

ನೀನು ಓದಬೇಕು ಎನಿಸಿತು. ಎದೆನೋವು ಹೇಗಿದೆ?

ಚೂಟಿ


ಫೆಬ್ರವರಿ ೨೬

ಚೂಟಿಗೆ,

ನಾವೆಲ್ಲ ಕ್ಷೇಮ. ನಾನಿನ್ನೂ ಬಾಯಿ ತೆರೆದಿಲ್ಲ, ನಿಮ್ಮತ್ತಿಗೆ ಆಗಲೇ ಇದನ್ನು ಬರೆದುಬಿಟ್ಟಳು. ನಾನು ಹೇಳಿದ ಹಾಗೇ ಬರಿ ಅಂದಿದ್ದೇನೆ. ಈಗ ನಗುತ್ತಿದ್ದಾಳೆ.

ನಿನ್ನ ಬಣ್ಣಗಾರ್ತಿಯನ್ನು ಬೆರಳಿಟ್ಟುಕೊಂಡು ನಾಲ್ಕು ದಿನ ಓದಿದೆ. ಅವಳು ನಮ್ಮ ಕಾರ್ಖಾನೆಗೆ ಬಂದಿದ್ದರೆ ನನ್ನ ಪಕ್ಕದ ಸ್ಟೂಲಿನ ಮೇಲೇ ಕೂರಿಸಿಕೊಳ್ಳುತ್ತಿದ್ದೆ. ನಮ್ಮಪ್ಪ ನಮ್ಮಣ್ಣನಿಗೆ ಸ್ಲೇಟು ತಂದ ದಿನವೇ ನನಗೆ ಸೂಜಿಪೆಟ್ಟಿಗೆ ತಂದ. ಪೆಟ್ಟಿಗೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಸ್ಲೇಟನ್ನು ಮುಟ್ಟಿ ನೋಡಿದ್ದಕ್ಕೆ ಒಂದು ಬಿತ್ತು.

ಆದರೆ ಒಂದು ಕಡೆ ಅವಳು ತಪ್ಪು. ಸೂಜಿ ಹಿಡಿದವಳ ತಲೆ ಖಾಲಿ ಬಿದ್ದಿರುತ್ತೆ ಅಂತಾಳೆ. ಇಪ್ಪತ್ತಾರು ವರ್ಷ ನಾನು ಅಂಗಿಗಳಿಗೆ ಗುಂಡಿಯ ಕಾಜ ಹೊಲಿದಿದ್ದೇನೆ. ಕೈ ಒಂದು ಕಡೆ, ತಲೆ ಒಂದು ಕಡೆ. ಆ ಕಾಜಗಳ ತೂತಿನಲ್ಲಿ ನಾನು ಎಷ್ಟು ಜನರ ಜೊತೆ ಜಗಳ ಆಡಿ ಗೆದ್ದಿದ್ದೇನೆ ಅಂತ ಅವಳಿಗೇನು ಗೊತ್ತು? ಬಣ್ಣದ ಹಂಡೆ ಕಲಕುವವಳು ಹೊಲಿಯುವವಳನ್ನು ಹಾಗೆ ಅನ್ನಬಾರದು. ನೀನಾದರೂ ಕೆಳಗೆ ಒಂದು ಮಾತು ಸೇರಿಸು.

ಮಿಕ್ಕ ಹಾಳೆಗಳನ್ನೂ ಕಳಿಸು. ನನ್ನ ಎದೆ ಇದ್ದಲ್ಲೇ ಇದೆ.

ಅಮ್ಮ
(ಬರೆದವಳು ಅತ್ತಿಗೆ)


ಏಪ್ರಿಲ್ ೩

ಅಮ್ಮನಿಗೆ,

ನಿನ್ನ ಪತ್ರವನ್ನು ಇಲ್ಲಿನ ಹಿರಿಯ ಗ್ರಂಥಪಾಲಕಿಗೆ ಓದಿ ಹೇಳಿದೆ. ಅವರು ಬಿದ್ದೂ ಬಿದ್ದೂ ನಕ್ಕು, "ನಿಮ್ಮಮ್ಮ ಹೇಳಿದ್ದೇ ಸರಿ ಕಣಮ್ಮ, ಅದನ್ನ ಟಿಪ್ಪಣಿಯಾಗಿ ಹಾಕು" ಎಂದರು. ಹಾಕಿದ್ದೇನೆ. ಇಪ್ಪತ್ತಾರು ವರ್ಷ ಕಾಜ ಹೊಲಿದವರೊಬ್ಬರ ಅಭಿಪ್ರಾಯ ಎಂದು. ಮುನ್ನೂರೈವತ್ತು ವರ್ಷದ ಮೇಲೆ ಬಣ್ಣಗಾರ್ತಿಗೆ ಉತ್ತರ ಕೊಟ್ಟವಳು ನೀನು.

ಈ ಸಲ ಕಳಿಸುತ್ತಿರುವುದು ಆರನೆಯ ಪ್ರಬಂಧ. ಅದನ್ನು ತಿದ್ದುವಾಗ ನನ್ನ ಕೈ ಎರಡು ಮೂರು ಸಲ ನಿಂತಿತು. "ಹೆಣ್ಣು ಸುಮ್ಮನಿದ್ದಳು, ಆದ್ದರಿಂದ ಒಪ್ಪಿದ್ದಳು ಎನ್ನುವವರು, ಅವಳು ಮಾತಾಡಿದ ದಿನ ಏನಾಯಿತೆಂದು ಮೊದಲು ಹೇಳಲಿ" ಎನ್ನುತ್ತಾಳೆ. ಅದನ್ನು ಓದಿ ನಿನ್ನ ನೆನಪಾಯಿತು. ನೆನಪಾದದ್ದು ಪ್ರೀತಿಯಿಂದಲೋ ಸಿಟ್ಟಿನಿಂದಲೋ ನನಗೇ ಗೊತ್ತಾಗಲಿಲ್ಲ.

ಅಪ್ಪ ಹೋದ ಮೇಲೆ ಈ ಎರಡು ವರ್ಷ ನಾವು ಪತ್ರ ಬರೆದುಕೊಳ್ಳುತ್ತಿದ್ದೇವೆ. ಆ ದಿನದ ವಿಷಯ ಮಾತ್ರ ನಾನೂ ಎತ್ತಿಲ್ಲ, ನೀನೂ ಎತ್ತಿಲ್ಲ. ಹದಿನಾಲ್ಕು ವರ್ಷವಾಯಿತು. ಆಗ ನನಗೆ ಇಪ್ಪತ್ತು. ಕಾಲೇಜಿನ ಸೀಟು ಸಿಕ್ಕಿತ್ತು. ಅಪ್ಪ ಕಾರ್ಖಾನೆಯ ಮ್ಯಾನೇಜರನ ತಮ್ಮನಿಗೆ ಮಾತು ಕೊಟ್ಟುಬಂದಿದ್ದ. "ಮದುವೆಯಾದರೆ ಈ ಮನೆ, ಇಲ್ಲದಿದ್ದರೆ ಬೀದಿ" ಎಂದ. ನಾನು ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದೆ. ಮೆಟ್ಟಿಲು ಇಪ್ಪತ್ತೆರಡು. ಪ್ರತಿ ಮೆಟ್ಟಿಲಿಗೂ ನಿಂತು ಕಾದೆ. ಒಳಕೋಣೆಯಿಂದ ನಿನ್ನ ಹೊಲಿಗೆ ಯಂತ್ರದ ಸದ್ದು ಬರುತ್ತಲೇ ಇತ್ತು. ಒಂದು ಸಲವೂ ನಿಲ್ಲಲಿಲ್ಲ. ಬೀದಿಯ ತಿರುವಿನವರೆಗೂ ಕೇಳಿಸಿತು.

ಯಾಕಮ್ಮ? ಅಪ್ಪನಿಗೆ ಹೆದರಿದೆಯಾ? ನಾನು ಹೋಗಬೇಕು ಅಂತಿತ್ತಾ? ನಾನು ಮದುವೆಯಾಗಬೇಕಿತ್ತು ಅಂತಿತ್ತಾ? ಯಾವುದಾದರೂ ಸರಿ, ತಡೆದುಕೊಳ್ಳುತ್ತೇನೆ.

ನಾನು ಬರಲಾ? ಒಂದು ಮಾತು ಹೇಳು, ಮರುದಿನವೇ ಹೊರಡುತ್ತೇನೆ.

ಚೂಟಿ


ಏಪ್ರಿಲ್ ೩೦

ಚೂಟಿಗೆ,

ನಾವೆಲ್ಲ ಕ್ಷೇಮ. ನಿನ್ನ ಪತ್ರ ಮತ್ತು ಹಾಳೆಗಳು ತಲುಪಿದವು. ಹಳೆಯ ವಿಷಯಗಳನ್ನು ಈಗ ಕೆದಕುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಆಗಿದ್ದು ಆಗಿಹೋಯಿತು. ಮನೆಗೆ ಬಣ್ಣ ಹೊಡೆಸುತ್ತಿರುವುದರಿಂದ ಸದ್ಯಕ್ಕೆ ಬರುವುದು ಬೇಡ. ಅನುಕೂಲವಾದಾಗ ತಿಳಿಸುತ್ತೇವೆ. ನಿನ್ನ ಆರೋಗ್ಯ ನೋಡಿಕೊ.

ಅಮ್ಮ
(ಬರೆದವಳು ಅತ್ತಿಗೆ)


ಜೂನ್ ೬

ಅಮ್ಮನಿಗೆ,

ನಿನ್ನ ಪತ್ರವನ್ನು ಐದಾರು ಸಲ ಓದಿದೆ. ಅದರಲ್ಲಿ ಎಲ್ಲೂ ನೀನು ಸಿಗಲಿಲ್ಲ. ಹದಿನಾಲ್ಕು ವರ್ಷ ಕಾದು ಕೇಳಿದ ಪ್ರಶ್ನೆಗೆ ಮನೆಗೆ ಬಣ್ಣ ಹೊಡೆಸುವ ಉತ್ತರ ಬಂತು. ಇರಲಿ.

ಪುಸ್ತಕಕ್ಕೆ ಮುನ್ನುಡಿ ಬರೆದಿದ್ದೇನೆ. ಅದರ ಅಚ್ಚಿನ ಕರಡು ಇದರ ಜೊತೆಗಿದೆ. ಬಣ್ಣಗಾರ್ತಿಯ ಒಂಬತ್ತನೆಯ ಪ್ರಬಂಧದಲ್ಲಿ, "ನಮ್ಮನ್ನು ಕೂಡಿಹಾಕಿದ ಕೋಣೆಯ ಬೀಗದಕೈ ಗಂಡಸರ ಜೇಬಿನಲ್ಲಿದೆ ಎಂದುಕೊಂಡಿದ್ದೆ, ಹುಡುಕಿದರೆ ಅದು ನಮ್ಮ ತಾಯಂದಿರ ಸೊಂಟದಲ್ಲಿತ್ತು" ಎಂಬ ಮಾತಿದೆ. ಅದನ್ನು ವಿವರಿಸಲು ಮುನ್ನುಡಿಯಲ್ಲಿ ನಿನ್ನನ್ನು ತಂದಿದ್ದೇನೆ. ಹದಿನಾಲ್ಕನೆಯ ಪುಟ. ಮೂರು ವಾಕ್ಯ. ಅಚ್ಚಿನಕ್ಷರವಾದ್ದರಿಂದ ನೀನೇ ಓದಬಹುದು.

ಬೇಡ ಅನಿಸಿದರೆ ಹೇಳು, ತೆಗೆಯುತ್ತೇನೆ. ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ. ಉತ್ತರ ಬರದಿದ್ದರೆ ನಿನ್ನ ಅಭ್ಯಂತರವಿಲ್ಲವೆಂದು ತಿಳಿದು ಪ್ರೆಸ್ಸಿಗೆ ಕಳಿಸುತ್ತೇನೆ.

ನಿನ್ನ ಮಗಳು


ಜುಲೈ ೭

ತಂಗಿಗೆ,

ಅಮ್ಮ ಕಳೆದ ಶುಕ್ರವಾರ ಮಧ್ಯಾಹ್ನ ತೀರಿಕೊಂಡಳು. ಎದೆ. ಹೆಚ್ಚು ಕಷ್ಟಪಡಲಿಲ್ಲ. ನೀನು ಬಂದು ಮುಟ್ಟುವಷ್ಟು ಹೊತ್ತು ಇಟ್ಟುಕೊಳ್ಳುವಂತಿರಲಿಲ್ಲ. ಎಲ್ಲ ಮುಗಿಸಿದ್ದೇವೆ.

ಅಣ್ಣ


ಆಗಸ್ಟ್ ೧೭

ನಾದಿನಿಗೆ,

ನೀನು ಬಂದು ಹೋಗಿ ಒಂದು ತಿಂಗಳಾಯಿತು. ಅರ್ಧ ದಿನ ಇದ್ದೆ. ಅತ್ತೆಯ ಮಂಚದ ತುದಿಯಲ್ಲಿ ಕೂತು ಗೋಡೆ ನೋಡುತ್ತಿದ್ದೆ. ಹೋಗುವಾಗ, "ಬಣ್ಣ ಹೊಡೆಸಿದ ಹಾಗೆ ಕಾಣಲ್ಲವಲ್ಲ ಅತ್ತಿಗೆ?" ಎಂದು ಕೇಳಿದೆ. ನಿಮ್ಮಣ್ಣ ಬಾಗಿಲಲ್ಲೇ ಇದ್ದರು. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಬಣ್ಣ ಹೊಡೆಸಲಿಲ್ಲ. ಏಪ್ರಿಲ್‌ನ ಆ ಪತ್ರ ಅತ್ತೆಯದಲ್ಲ. ಅಕ್ಷರ ನನ್ನದು, ಮಾತು ನಿಮ್ಮಣ್ಣನದು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಹೊಂದಿಸಿ ಬರೆಯಲು ನನಗೆ ಬರುವುದಿಲ್ಲ.

ಪತ್ರಗಳನ್ನು ಅಂಚೆಗೆ ಹಾಕುತ್ತಿದ್ದವರು ನಿಮ್ಮಣ್ಣ. ತಮ್ಮ ಕನ್ನಡಕದ ಅಂಗಡಿಗೆ ಹೋಗುವ ಮುಂಚೆ ಓದಿ, ಲಕೋಟೆ ತಾವೇ ಅಂಟಿಸುತ್ತಿದ್ದರು. ಮೊದಮೊದಲು ಏನೂ ಅನ್ನುತ್ತಿರಲಿಲ್ಲ. ಕಾಜದ ವಿಷಯ ಓದಿ ನಕ್ಕಿದ್ದರು ಕೂಡ. ಏಪ್ರಿಲ್‌ನಲ್ಲಿ ನಿನ್ನ ಪತ್ರ ಬಂದಾಗ ನಾನು ಅದನ್ನು ಅತ್ತೆಗೆ ಪೂರ್ತಿ ಓದಿ ಹೇಳಿದೆ. ಯಂತ್ರದ ಮಾತು ಬಂದಾಗ ಅತ್ತೆ, "ಇನ್ನೊಂದ್ಸಲ ಓದು" ಎಂದರು. ಓದಿದೆ. "ಕೂತ್ಕೊ, ಬರಿ" ಎಂದರು. ನಾನು ಬರೆದೆ. ಅವರು ಹೇಳಿದ್ದು ಇಷ್ಟು, ನನಗೆ ಬಾಯಿಪಾಠವಾಗಿದೆ:

"ಚೂಟಿ, ಆ ಯಂತ್ರದಲ್ಲಿ ದಾರ ಇರಲಿಲ್ಲ. ಬಟ್ಟೆಯೂ ಇರಲಿಲ್ಲ. ಬರೀ ತುಳೀತಿದ್ದೆ. ನಾನು ಅಳೋದು ನಿನಗೆ ಕೇಳಿದ್ರೆ ನೀನು ನಿಂತುಬಿಡ್ತಿದ್ದೆ. ನಿಂತಿದ್ರೆ ನಿಮ್ಮಪ್ಪ ಗೆಲ್ತಿದ್ದ. ನೀನು ತಿರುವು ದಾಟೋವರೆಗೂ ನಿಲ್ಲಿಸಬಾರದು ಅಂತ ತುಳಿದೆ. ನೀನು ಕಾಯ್ತಿದ್ದೆ ಅಂತ ನನಗೆ ಗೊತ್ತಾಗಲಿಲ್ಲ ಮಗಳೇ. ಈಗ ಬಾ. ನಾಳೆಯೇ ಬಾ."

ಅದನ್ನು ಓದಿ ನಿಮ್ಮಣ್ಣನ ಮುಖ ಕಪ್ಪಿಟ್ಟಿತು. "ಡಾಕ್ಟರು ಏನಂದಿದ್ದಾರೆ? ಮನಸ್ಸಿಗೆ ಆಯಾಸ ಮಾಡಿಸಬೇಡಿ ಅಂದಿಲ್ವಾ? ಇವಳು ಬರ್ತಾಳೆ, ಎರಡು ದಿನ ಅಳಿಸ್ತಾಳೆ, ಹೋಗ್ತಾಳೆ. ಆಮೇಲೆ ಅಮ್ಮನ್ನ ನೋಡ್ಕೊಳ್ಳೋರು ಯಾರು?" ಎಂದರು. "ಅವಳು ಹೋದ ಮೇಲೆ ಹನ್ನೆರಡು ವರ್ಷ ಅಪ್ಪನ ಬಾಯಿಗೆ ಸಿಕ್ಕಿದ್ದು ನಾನು. ಅದನ್ನ ಯಾರೂ ಬರೆಯಲ್ಲ" ಎಂದರು. ಅವರನ್ನು ಕೆಟ್ಟವರು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಬೇರೆ ಬರೆ ಎಂದರು. ಬರೆದೆ.

ಕೈಬರಹ ಅತ್ತೆಗೆ ಬರುತ್ತಿರಲಿಲ್ಲವಲ್ಲ. "ನಾನು ಹೇಳಿದ್ದೆಲ್ಲ ಹೋಯ್ತೇನೇ?" ಎಂದು ಕೇಳಿದರು. "ಹೋಯ್ತು ಅತ್ತೆ" ಎಂದೆ. ಮರುದಿನದಿಂದ ಕಿಟಕಿಯ ಪಕ್ಕ ಕೂರತೊಡಗಿದರು. ಬೀದಿ ಕಾಣುವ ಹಾಗೆ. ಹದಿನೈದು ದಿನ ಕೂತರು. ಒಂದು ದಿನ ತಾವೇ ಎದ್ದು ಮಂಚಕ್ಕೆ ಹೋದರು. "ಅವಳಿಗೆ ಸಿಟ್ಟು ಹೋಗಿಲ್ಲ, ನ್ಯಾಯವೇ" ಎಂದರು.

ಅಷ್ಟು ಹೊತ್ತಿಗೆ ನಾನು ಹೇಳಬೇಕಿತ್ತು. ಹೇಳಲಿಲ್ಲ. ಗಂಡನ ಹೆದರಿಕೆ ಎಂದು ಬರೆದರೆ ನೀನು ಒಪ್ಪಿಕೊಂಡುಬಿಡಬಹುದು. ಅದಷ್ಟೇ ಅಲ್ಲ. ಹನ್ನೊಂದು ವರ್ಷದಿಂದ ಅವರ ತಲೆ ಬಾಚಿದವಳು ನಾನು. ಸ್ನಾನ ಮಾಡಿಸಿದವಳು ನಾನು. ಅವರು ಕಣ್ಣು ಮುಚ್ಚಿ ನಿನಗೆ ಮಾತು ಹೇಳುವಾಗ ದನಿಯೇ ಬೇರೆಯಾಗುತ್ತಿತ್ತು. ಆ ದನಿ ನನ್ನ ಕಡೆ ತಿರುಗಿದ್ದು ನನಗೆ ನೆನಪಿಲ್ಲ. ಬರೆಯುವ ಕೈ ಮಾತ್ರ ನನ್ನದು. ಹೊಟ್ಟೆಕಿಚ್ಚು ಎಂದೇ ಬರೆಯುತ್ತೇನೆ, ಬೇರೆ ಪದ ಸಿಗುತ್ತಿಲ್ಲ.

ಜೂನ್‌ನಲ್ಲಿ ನಿನ್ನ ಮುನ್ನುಡಿ ಬಂತು. ಜೊತೆಗಿದ್ದ ಪತ್ರವನ್ನು ನಾನು ಓದಿ ಹೇಳಲಿಲ್ಲ. ಮುನ್ನುಡಿ ಅಚ್ಚಿನದ್ದು, ಅವರೇ ಓದಿದರು. ಹದಿನಾಲ್ಕನೆಯ ಪುಟದಲ್ಲಿ ಬೆರಳು ನಿಂತದ್ದನ್ನು ಬಾಗಿಲಿಂದ ನೋಡಿದೆ. "ನನ್ನ ತಾಯಿ ಅಂದು ಒಂದು ಮಾತೂ ಆಡಲಿಲ್ಲ. ಅವಳ ಯಂತ್ರದ ಸದ್ದು ನನ್ನನ್ನು ಬೀದಿಯವರೆಗೂ ಅಟ್ಟಿಕೊಂಡು ಬಂತು. ಕೆಲವು ತಾಯಂದಿರು ಬಾಗಿಲನ್ನು ಹೀಗೂ ಮುಚ್ಚುತ್ತಾರೆ." ಅವರು ಅದನ್ನು ತುಟಿ ಅಲ್ಲಾಡಿಸಿ ಮೂರು ಸಲ ಓದಿದರು. ಆಮೇಲೆ ನನ್ನನ್ನು ಕರೆದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ನಾನು ಹೇಳಿದ್ದು ಅವಳಿಗೆ ಹೋಗಲೇ ಇಲ್ಲ, ಅಲ್ವಾ?" ಎಂದರು.

ನಾನು ಇಲ್ಲವೆಂದು ತಲೆಯಾಡಿಸಿದೆ.

"ನಿನ್ನ ಕೈಯಲ್ಲೇನಿದೆ, ಬಿಡು" ಎಂದರು. ಅದಕ್ಕಿಂತ ಎರಡು ಹೊಡೆದಿದ್ದರೆ ಚೆನ್ನಾಗಿತ್ತು.

ಆಮೇಲೆ ನನ್ನ ಪೆನ್ಸಿಲ್ ಕೇಳಿದರು. ಅದನ್ನು ಸೂಜಿ ಹಿಡಿದ ಹಾಗೆ ಹಿಡಿದರು. ಮೂರು ವಾಕ್ಯದ ಮೇಲೂ ಗೆರೆ ಎಳೆದರು. ಒಂದು ಕಡೆ ಕಾಗದ ಹರಿದಿದೆ. ಪಕ್ಕದ ಖಾಲಿ ಜಾಗದಲ್ಲಿ ಅಚ್ಚಿನಕ್ಷರ ನೋಡಿಕೊಂಡು ಏನೋ ಬರೆಯಲು ಹೋದರು. ಮಧ್ಯಾಹ್ನವೆಲ್ಲ ಹಿಡಿಯಿತು. ಒಂದು 'ದಾ' ಆಗಿದೆ. ಅದರ ಮುಂದಿನದು 'ರ' ಇರಬೇಕು, ಸೊನ್ನೆಯ ಹಾಗಿದೆ. ಅಷ್ಟಕ್ಕೆ ಸುಸ್ತಾಗಿ, "ಉಳಿದದ್ದು ನಾಳೆ" ಎಂದು ಮಲಗಿದರು. ಮರುದಿನ ಎದೆನೋವು ಶುರುವಾಯಿತು. ಒಂದು ವಾರ ಇದ್ದರು, ಪೆನ್ಸಿಲ್ ಹಿಡಿಯುವ ಹಾಗಿರಲಿಲ್ಲ. ಆ ವಾರವೂ ನಾನು ನಿನಗೆ ಬರೆಯಲಿಲ್ಲ.

ಆ ಹಾಳೆ ಇದರೊಳಗಿದೆ. ಈ ಪತ್ರವನ್ನು ನಾನೇ ನಡೆದುಹೋಗಿ ಅಂಚೆಗೆ ಹಾಕುತ್ತೇನೆ.

ಅತ್ತಿಗೆ


ಸೆಪ್ಟೆಂಬರ್ ೧೪

ಅತ್ತಿಗೆಗೆ,

ನಿನ್ನ ಪತ್ರ ಬಂದ ದಿನ ಬೆಳಿಗ್ಗೆಯೇ ಪ್ರೆಸ್ಸಿನವರು ಪುಸ್ತಕದ ಕಟ್ಟುಗಳನ್ನು ತಂದು ಇಳಿಸಿ ಹೋಗಿದ್ದರು. ಮುನ್ನೂರು ಪ್ರತಿ. ಹೊಸ ಅಂಟಿನ ವಾಸನೆ ಕೋಣೆ ತುಂಬ ಇತ್ತು. ಅದರ ನಡುವೆ ಕೂತು ಓದಿದೆ.

ಮೂರು ವಾರ ನಿನಗೆ ಬರೆಯಲಾಗಲಿಲ್ಲ. ಮೊದಲ ವಾರ ಬರೆದದ್ದನ್ನು ಹರಿದು ಹಾಕಿದೆ. ನಿನಗೆ ಕೊಡಬಾರದ ಮಾತುಗಳಿದ್ದವು.

ನನ್ನ ಸಿಟ್ಟು ಹೋಗಿಲ್ಲ ಅತ್ತಿಗೆ. ಹೋಗಿದೆ ಎಂದು ಬರೆದರೆ ಇದೂ ಇನ್ನೊಬ್ಬರು ಹೇಳಿ ಬರೆಸಿದ ಪತ್ರದ ಹಾಗಾಗುತ್ತದೆ. ಕಿಟಕಿಯ ಪಕ್ಕ ಅಮ್ಮ ಹದಿನೈದು ದಿನ ಕೂತಳು. ಬಸ್ಸಿನಲ್ಲಿ ಒಂದು ದಿನದ ದಾರಿ. ಒಂದೇ ದಿನದ್ದು.

ಆದರೆ ನಿನ್ನ ಮೇಲೆ ಕೂಗಾಡಲು ಹೋದಾಗಲೆಲ್ಲ ನನ್ನದೇ ಜೂನ್ ತಿಂಗಳ ಪತ್ರ ಅಡ್ಡ ಬರುತ್ತದೆ. ಉತ್ತರ ಬರದಿದ್ದರೆ ಅಭ್ಯಂತರವಿಲ್ಲವೆಂದು ತಿಳಿಯುತ್ತೇನೆ ಎಂದು ಬರೆದವಳು ನಾನು. ತಿಂಗಳುಗಟ್ಟಲೆ ಬಣ್ಣಗಾರ್ತಿಯ ಆರನೆಯ ಪ್ರಬಂಧವನ್ನು ತಿದ್ದಿದವಳು. ಬರೆಯಲು ಬಾರದ ಹೆಂಗಸಿಗೆ ಗಡುವು ಕೊಟ್ಟವಳು. ಅವಳು ಸುಮ್ಮನಿದ್ದಳು, ಆದ್ದರಿಂದ ಒಪ್ಪಿದ್ದಳು ಎಂದು ಮುದ್ರಿಸಿದವಳು. ಅಪ್ಪ, ಅಣ್ಣ, ನೀನು, ಸಾಲಿನಲ್ಲಿ ಕೊನೆಗೆ ನಾನು. ಓದಿದ್ದೆಲ್ಲ ಯಾವ ಉಪಯೋಗಕ್ಕೆ ಬಂತು?

ಪ್ರೆಸ್ಸಿನ ಯಜಮಾನರ ಹತ್ತಿರ ಹೋಗಿ ಆ ಹಾಳೆ ತೋರಿಸಿದೆ. "ಹೊಲಿಗೆ ಬಿಚ್ಚಿ ಪುಟ ತೆಗೆಯೋಕಾಗಲ್ಲಮ್ಮ, ಬೇಕಾದ್ರೆ ಒಂದು ತಿದ್ದುಪಡಿ ಚೀಟಿ ಅಂಟಿಸ್ಬಹುದು. ಏನು ಹಾಕ್ಬೇಕು, ಬರ್ಕೊಡಿ" ಎಂದರು. ಎರಡು ದಿನ ಹಿಡಿಯಿತು. ಕೊನೆಗೆ ಇಷ್ಟೇ ಕೊಟ್ಟೆ: "ಪುಟ ೧೪, ಮೂರು ವಾಕ್ಯಗಳು. ಇವು ನಿಜವಲ್ಲ. ನನ್ನ ತಾಯಿ ಇವನ್ನು ತಮ್ಮ ಕೈಯಾರೆ ಹೊಡೆದುಹಾಕಿದ್ದಾರೆ." ಮುನ್ನೂರು ಚೀಟಿಗಳನ್ನೂ ನಾನೇ ಅಂಟಿಸಿದೆ. ಗೆರೆ ಎಳೆದ ಹಾಳೆ ನನ್ನ ಹತ್ತಿರವೇ ಇರುತ್ತದೆ. ಅದನ್ನು ಯಾವ ಗ್ರಂಥಾಲಯಕ್ಕೂ ಕೊಡುವುದಿಲ್ಲ.

ಒಂದು ಕೇಳುತ್ತೇನೆ. ಈ ಎರಡು ವರ್ಷ ಅಮ್ಮ ಹೇಳಿದ್ದರಲ್ಲಿ ನೀನು ಬರೆಯದೆ ಬಿಟ್ಟದ್ದು ಇನ್ನೂ ಇರುತ್ತದೆ. ನೆನಪಿರುವಷ್ಟನ್ನು ಬರೆದು ಕಳಿಸುತ್ತೀಯಾ? ದೊಡ್ಡ ಮಾತುಗಳೇ ಬೇಕಿಲ್ಲ. ಅಣ್ಣನಿಗೆ ತೋರಿಸಿ ಬರೆಯುತ್ತೀಯೋ ತೋರಿಸದೆ ಬರೆಯುತ್ತೀಯೋ, ನಿನಗೆ ಬಿಟ್ಟದ್ದು.

ನಾದಿನಿ


ಅಕ್ಟೋಬರ್ ೨೨

ನಾದಿನಿಗೆ,

ನೆನಪಾದ ಹಾಗೆ ಬರೆಯುತ್ತಿದ್ದೇನೆ, ಹಿಂದುಮುಂದಾಗಿರಬಹುದು.

ಹೋದ ವರ್ಷ ಒಂದು ಪತ್ರದಲ್ಲಿ, "ಅವಳಿಗೆ ಕಾಲಿಗೆ ಬೇಗ ಥಂಡಿ ಹಿಡಿಯುತ್ತೆ, ಕಾಲುಚೀಲ ಹಾಕ್ಕೊಂಡು ಮಲಗು ಅನ್ನು" ಎಂದಿದ್ದರು. ಹಾಳೆ ತುಂಬಿತು ಎಂದು ನಾನು ಬಿಟ್ಟೆ. "ಎಡಗಣ್ಣು ಮಂಜಾಗಿದೆ ಅಂತ ಬರೀಬೇಡ, ಅಲ್ಲಿ ಒಬ್ಬಳೇ ಗಾಬರಿಯಾಗ್ತಾಳೆ" ಎಂದಿದ್ದರು. ಅವರು ಬೇಡವೆಂದದ್ದಕ್ಕೆ ಅದನ್ನು ಬರೆಯಲಿಲ್ಲ. ಒಂದು ಕಣ್ಣಿನಲ್ಲೇ ನಿನ್ನ ಹಾಳೆಗಳನ್ನೆಲ್ಲ ಓದಿದ್ದು. ನಿಮ್ಮಪ್ಪ ಸತ್ತ ದಿನ ಅಳು ಬರಲಿಲ್ಲ, ಅದಕ್ಕೆ ನಾಚಿಕೆಯಾಯಿತು ಎಂದು ಒಮ್ಮೆ ಬರೆಸಿದ್ದರು. ಅದನ್ನು ನಾನೇ ಹೆದರಿ ಹೊಡೆದುಹಾಕಿದೆ. ನಿನ್ನ ಕಾಲೇಜಿನ ಊರಿನ ಹೆಸರು ಪೇಪರಿನಲ್ಲಿ ಎಲ್ಲಿ ಬಂದರೂ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರಂತೆ. ಬೆಂಕಿ, ಚುನಾವಣೆ, ಫುಟ್‌ಬಾಲು, ಏನಾದರೂ ಸರಿ. ಒಂದು ಡಬ್ಬ ತುಂಬ ಇವೆ. ಬೇಕಿದ್ದರೆ ಕಳಿಸುತ್ತೇನೆ.

ನಿನ್ನೆ ಇದನ್ನು ಬರೆಯುತ್ತಿದ್ದಾಗ ನಿಮ್ಮಣ್ಣ ಊಟಕ್ಕೆ ಬಂದರು. ಹಾಳೆ ಮುಚ್ಚಲಿಲ್ಲ.

"ಅವಳಿಗಾ?" ಎಂದರು.

"ಹೌದು."

"ನನ್ನ ವಿಷಯ ಬರೆದೆಯಾ?"

"ಬರೆದೆ."

"ಏನಂತ?"

"ನಡೆದದ್ದು."

ಕೈ ಚಾಚಿದರು. ನಾನು ಕೊಡಲಿಲ್ಲ. ಊಟ ಮಾಡದೆ ಅಂಗಡಿಗೆ ಹೋದರು. ಮುಂದೇನೋ ಗೊತ್ತಿಲ್ಲ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಇನ್ನೊಂದು ಉಳಿದಿದೆ. ಇದು ನಿನಗಾಗಿ ಅತ್ತೆ ಹೇಳಿದ್ದಲ್ಲ, ನನಗೆ ಹೇಳಿದ್ದು. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಫೆಬ್ರವರಿಯ ಆ ಪತ್ರ, ಕಾಜದ್ದು, ಬರೆದು ಮುಗಿಸಿದ್ದೆವು. ಹಾಳೆಯಲ್ಲಿ ಕೆಳಗೆ ನಾಲ್ಕು ಬೆರಳು ಜಾಗ ಉಳಿದಿತ್ತು. ಅತ್ತೆ ಅದನ್ನು ಬೆರಳಿಂದ ತೋರಿಸಿ, "ನಿಂದೇನಾದ್ರೂ ಇದ್ರೆ ಬರ್ಕೊಳ್ಳೇ. ನನಗಂತೂ ಓದೋಕೆ ಬರಲ್ಲ. ನಾನು ಆ ಕಡೆ ತಿರುಗಿ ಕೂರ್ತೀನಿ" ಎಂದರು. ನಿಜವಾಗಿಯೂ ಗೋಡೆ ಕಡೆ ತಿರುಗಿ ಕೂತರು.

"ನಂದೇನೂ ಇಲ್ಲ ಅತ್ತೆ" ಎಂದು ಹಾಳೆ ಮಡಚಿದೆ.

ಇತ್ತು.

ಅತ್ತಿಗೆ